ಪೇಟಿಗೂ ಒಮ್ಮೆ ಹೀಗೇ ಅಂದಿದ್ದರು

(ಹಳೆಯ ವಿಡಿಯೋ ಗೇಮು, ಕಂಪ್ಯೂಟರುಗಳ ಧ್ವನಿ ಚಿಪ್ಪಿನಿಂದ ಕಟ್ಟುವ ಚಿಪ್‌ಟ್ಯೂನ್ ಸಂಗೀತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಪೇಟಿ ಅಂದರೆ ಹಾರ್ಮೋನಿಯಂ ಕಲಿಸುವ ಬೆಳಗಾವಿ ಶಹಾಪುರದ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ವಿಡಿಯೋ ಗೇಮಿನ ಕುಂಯ್ ಕುಂಯ್ ಸದ್ದಿಗೆ ಸಂಗೀತ ಅಂತ ಹೆಸರಿಟ್ಟು ಮೂರು ಪುಟ ಕೊಟ್ಟಿದ್ದೀರಿ, ಪೇಟಿಯ ಬಗ್ಗೆ ಮಾತ್ರ ಬರೆದಿಲ್ಲ. ಮೀಂಡ್ ಇಲ್ಲ, ಗಮಕ ಇಲ್ಲ, ಜೀವ ಇಲ್ಲ. ಅಷ್ಟು ದೊಡ್ಡದಾಗಿದ್ದರೆ ಇಷ್ಟು ಬೇಗ ಯಾಕೆ ತಣ್ಣಗಾಯಿತು? ಅದಿರಲಿ, ಗೇಮ್ ಬಾಯ್‌ಗೆ ಮೂರು ಧ್ವನಿ ಅಂತ ಬರೆದಿದ್ದೀರಿ. ನಾಲ್ಕು ಅಂತಾನೆ ನನ್ನ ಮೊಮ್ಮಗ." ಕೊನೆಗೆ ಮೊಮ್ಮಗನ ಪರವಾಗಿ ಒಂದು ಪ್ರಶ್ನೆಯೂ ಇದೆ.)

ಮಾಸ್ತರರೇ, ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೊಮ್ಮಗ ಹೇಳಿದ್ದೇ ಸರಿ. 1989ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನಲ್ಲಿ ನಾಲ್ಕು ಧ್ವನಿಗಳಿವೆ. ಎರಡು ಚೌಕ ಆಕಾರದ ಶಬ್ದದ ಅಲೆಯವು. ಮೂರನೆಯದರ ಅಲೆಯನ್ನು ನಮಗೆ ಬೇಕಾದ ಆಕಾರಕ್ಕೆ ಬರೆದುಕೊಳ್ಳಬಹುದು. ನಾಲ್ಕನೆಯದು ಬರೀ ಸರಸರ ಸದ್ದು, ತಾಳಕ್ಕೆ ಬಳಸುವಂಥದ್ದು. ಮೂರು ಧ್ವನಿ ಇದ್ದದ್ದು ಕಮಡೋರ್ 64 ಅನ್ನುವ ಕಂಪ್ಯೂಟರಿಗೆ. ಲೇಖಕರು ಸರಿಯಾಗಿಯೇ ಬರೆದಿದ್ದರು. ಪುಟಕ್ಕೆ ಹೊಂದಿಸಲು ಕತ್ತರಿ ಆಡಿಸುವಾಗ ಎರಡನ್ನೂ ಕಲಸಿದವನು ನಾನು.

ಇನ್ನು ಜಗಳಕ್ಕೆ ಬರೋಣ.

"ಮೀಂಡ್ ಇಲ್ಲ, ಗಮಕ ಇಲ್ಲ." ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದಿಲ್ಲ, ಸ್ವರ ಅಲುಗುವುದಿಲ್ಲ ಅಂತ. ಈ ಸಾಲನ್ನು ಬೇರೆ ಯಾರೇ ಬರೆದಿದ್ದರೂ ಸುಮ್ನೆ ಇರುತ್ತಿದ್ದೆ. ಪೇಟಿ ಮಾಸ್ತರರೇ ಬರೆದಾಗ ನಗು ಬಂತು, ಬೇಜಾರು ಮಾಡ್ಕೋಬೇಡಿ. ಪೇಟಿಗೆ ಹೊರಿಸಿದ ಆರೋಪವೂ ಅಕ್ಷರಶಃ ಇದೇ ಅಲ್ವಾ? ಮನೆ (ಕೀಲಿ) ಕಟ್ಟಿದ ಸ್ವರ, ಎರಡು ಸ್ವರಗಳ ನಡುವೆ ಜಾರಲು ಬರುವುದಿಲ್ಲ, ನಮ್ಮ ಶ್ರುತಿಗೆ ಹೊಂದುವುದಿಲ್ಲ ಅಂತ ಹೇಳಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಡಲು ಶುರುಮಾಡಿದ್ದು 1971ರಲ್ಲಿ. ಆ ವರ್ಷಗಳಲ್ಲೂ ನಮ್ಮ ಬೆಳಗಾವಿಯಲ್ಲಿ ಪೇಟಿ ನಿಲ್ಲಲಿಲ್ಲ. ಪಂಡಿತ ರಾಮಭಾವು ಬಿಜಾಪುರೆ ಅವರು ಇದೇ ಊರಲ್ಲಿ ಕೂತು ಎಷ್ಟು ಜನರಿಗೆ ಪೇಟಿ ಕಲಿಸಿದರು ಅನ್ನೋದು ನನಗಿಂತ ನಿಮಗೆ ಜಾಸ್ತಿ ಗೊತ್ತು. ಇಲ್ಲದ ಮೀಂಡನ್ನು ಇದೆ ಅನ್ನಿಸುವಂತೆ ಬೆರಳು ಓಡಿಸುವುದೇ ಆ ವಿದ್ಯೆಯ ಅರ್ಧ.

ಇನ್ನೊಂದು ಮಾತು. ಪೇಟಿಗೆ ಬಾರದ ಮೀಂಡ್ ಆ ಚಿಪ್‌ಗೆ ಬರುತ್ತದೆ! ಕಮಡೋರ್ 64ರ ಧ್ವನಿ ಚಿಪ್ಪಿನ ಹೆಸರು ಸಿಡ್. ಅದರಲ್ಲಿ ಸ್ವರದ ಎತ್ತರವನ್ನು 65,536 ಮೆಟ್ಟಿಲುಗಳಲ್ಲಿ ಹೇಳಬಹುದು. ಸಾ-ಇಂದ ರೇ-ಗೆ ಜಾರುವುದು, ಸ್ವರವನ್ನು ಅಲುಗಿಸುವುದು ಎಲ್ಲ ಸಾಧ್ಯ. 1981ರಲ್ಲಿ ಅದನ್ನು ರೂಪಿಸಿದ ಬಾಬ್ ಯಾನೆಸ್‌ಗೆ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಹುಚ್ಚು ಇತ್ತು. ಮುಂದೆ ಅವರು ಸಿಂಥಸೈಜರ್ ಮಾಡುವ ಕಂಪನಿಯನ್ನೇ ಗೆಳೆಯರ ಜೊತೆ ಕಟ್ಟಿದರು. ಹಾಗಾಗಿ ಆಟದ ಡಬ್ಬಿಯೊಳಗೆ ಒಂದು ವಾದ್ಯ ಬಂದು ಕೂತಿತು. ಆ ಚಿಪ್ಪುಗಳೂ ಪೇಟಿಯ ಹಾಗೇ, ಒಂದರಂತೆ ಇನ್ನೊಂದಿಲ್ಲ. ದನಿಯನ್ನು ಸೋಸುವ ಒಳಗಿನ ಫಿಲ್ಟರ್ ಒಂದೊಂದರಲ್ಲಿ ಒಂದೊಂದು ಥರ. ಒಬ್ಬರ ಮನೆಯಲ್ಲಿ ಕಟ್ಟಿದ ಹಾಡು ಇನ್ನೊಬ್ಬರ ಮನೆಯಲ್ಲಿ ಸ್ವಲ್ಪ ಮಂಕಾಗಿ ಕೇಳುತ್ತಿತ್ತು.

ನೀವು "ಕುಂಯ್ ಕುಂಯ್" ಅಂದಿರಲ್ಲ, ಅದರ ಕಥೆ ಕೇಳಿ. ಪೇಟಿಯ ಮೇಲೆ ಸಾ-ಗ-ಪ ಮೂರನ್ನೂ ಒಟ್ಟಿಗೆ ಒತ್ತಬಹುದು. ಸಿಡ್‌ನಲ್ಲಿ ಹಾಗೆ ಒತ್ತಿದರೆ ಇದ್ದ ಮೂರು ಧ್ವನಿಯೂ ಅಲ್ಲೇ ಖರ್ಚಾದವು. ತಾಳಕ್ಕೆ ಏನು ಉಳಿಯಿತು? ಮಂದ್ರಕ್ಕೆ? ಹಾಡಿಗೆ? ಅದಕ್ಕೇ ಒಂದು ಉಪಾಯ ಮಾಡಿದರು. ಒಂದೇ ಧ್ವನಿಯಲ್ಲಿ ಸಾ, ಗ, ಪ, ಮತ್ತೆ ಸಾ, ಗ, ಪ ಅಂತ ಸುತ್ತಿಸಿದರು. ಸೆಕೆಂಡಿಗೆ 50 ಸ್ವರ. ಯುರೋಪಿನ ಟಿವಿ ಪರದೆ ಸೆಕೆಂಡಿಗೆ 50 ಸಲ ಹೊಸದಾಗುತ್ತಿತ್ತು, ಪ್ರತಿ ಸಲವೂ ಸಂಗೀತದ ಪ್ರೋಗ್ರಾಮಿಗೆ ಒಂದು ಪಾಳಿ ಸಿಗುತ್ತಿತ್ತು. ಲೆಕ್ಕ ಅಷ್ಟೇ. ಕಿವಿಗೆ ಅದು ಮೂರು ಬಿಡಿ ಸ್ವರವಾಗಿಯೂ ಕೇಳುವುದಿಲ್ಲ, ಒಂದೇ ಮೇಳವಾಗಿಯೂ ಕೇಳುವುದಿಲ್ಲ. ನಡುವೆ ಎಲ್ಲೋ ನಿಂತು ನಡುಗುತ್ತದೆ. ಬಡತನದಿಂದ ಹುಟ್ಟಿದ ಆ ನಡುಕವೇ ಮುಂದೆ ಆ ಸಂಗೀತದ ಗುರುತಾಯಿತು. ಬ್ರಿಟನ್ನಿನ ರಾಬ್ ಹಬ್ಬರ್ಡ್ ಆಟಗಳಿಗೆ ಇಂಥ ಹಾಡು ಕಟ್ಟುವಾಗ ಸ್ವರಗಳನ್ನು ಯಂತ್ರದ ಭಾಷೆಯಲ್ಲೇ, ಅಂಕಿಗಳಲ್ಲಿ ಬರೆಯುತ್ತಿದ್ದರು.

ಚಿಪ್‌ಟ್ಯೂನ್ ಅನ್ನುವ ಹೆಸರು ಮಾತ್ರ ಆಗ ಇರಲಿಲ್ಲ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. 1987ರಲ್ಲಿ ಜರ್ಮನಿಯ ಕಾರ್ಸ್ಟೆನ್ ಒಬಾರ್ಸ್ಕಿ ಅಮಿಗ ಕಂಪ್ಯೂಟರಿಗೆ ಸೌಂಡ್‌ಟ್ರ್ಯಾಕರ್ ಅನ್ನುವ ಪ್ರೋಗ್ರಾಮ್ ಬರೆದರು. ಸ್ವರಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ಬರೆಯಬೇಕು, ನಿಮ್ಮ ನೋಟೇಶನ್ ವಹಿಯನ್ನು ಅಡ್ಡ ತಿರುಗಿಸಿ ಹಿಡಿದ ಹಾಗೆ. ಅಮಿಗ ನಿಜವಾದ ವಾದ್ಯದ ಧ್ವನಿಮುದ್ರಣವನ್ನೇ ನುಡಿಸಬಲ್ಲದು. ಆದರೆ ಅದಕ್ಕೆ ಜಾಗ ಜಾಸ್ತಿ ಬೇಕು. ಕೆಲವರು ಬೇಕಂತಲೇ ಚೂರೇ ಚೂರು ಅಲೆಯನ್ನು ಮತ್ತೆ ಮತ್ತೆ ಸುತ್ತಿಸಿ, ಹಳೆಯ ಚಿಪ್ಪಿನ ಸದ್ದು ಬರುವಂತೆ, ಕೆಲವೇ ಕಿಲೋಬೈಟಿನ ಪುಟ್ಟ ಹಾಡು ಕಟ್ಟಿದರು. ಅಂಥವಕ್ಕೆ ಬಂದ ಹೆಸರು ಚಿಪ್‌ಟ್ಯೂನ್. ಅಂದರೆ ಹೆಸರು ಹುಟ್ಟಿದ್ದೇ ನೆನಪಿನಿಂದ.

ನನ್ನ ನೆನಪು ಖಡೇ ಬಜಾರಿನ ಹಿಂದಿನ ಒಂದು ಗಲ್ಲಿಯದು. ತೊಂಬತ್ತರ ದಶಕದ ಬೇಸಿಗೆ ರಜೆ. ಒಂದು ಕೋಣೆ, ಎರಡು ಟಿವಿ, ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ಟು. ಆಡಿದ್ದಕ್ಕಿಂತ ಪಾಳಿ ಕಾಯ್ದದ್ದೇ ಜಾಸ್ತಿ, ಹಾಗಾಗಿ ನೋಡಿದ್ದಕ್ಕಿಂತ ಕೇಳಿದ್ದು ಜಾಸ್ತಿ. ನಮ್ಮೂರಿಗೆ ಬರುತ್ತಿದ್ದ ಆ ಡಬ್ಬಿಗಳು 1983ರ ಜಪಾನೀ ಆಟದ ಯಂತ್ರ ಫ್ಯಾಮಿಕಾಮ್‌ನ ನಕಲು. ಇಂಥ ನಕಲಿಗಳ ಎಷ್ಟೋ ಚಿಪ್ಪುಗಳಲ್ಲಿ ಚೌಕ ಅಲೆಯ ದನಿಯ ಎರಡು ಬಣ್ಣಗಳು ಅದಲುಬದಲಾಗಿದ್ದವು ಅಂತ ಬಹಳ ವರ್ಷದ ಮೇಲೆ ತಿಳಿಯಿತು. ಜಪಾನಿನ ಹುಡುಗ ಕೇಳಿದ ಹಾಡನ್ನೇ ನಾವು ಬೇರೆ ದನಿಯಲ್ಲಿ ಕೇಳಿರಬಹುದು. ಈಗ ಅಸಲಿ ಸದ್ದು ಕೇಳಿದರೆ ನನಗೆ ಅದೇ ತಪ್ಪು ಅನ್ನಿಸುತ್ತದೆ, ಏನು ಮಾಡೋದು. ಆಮೇಲೆ ನೋಕಿಯಾ ಬಂತು. ಅದರ ಕಂಪೋಸರಿನಲ್ಲಿ 1ರಿಂದ 7ರ ತನಕ ಕೀಲಿಗಳೇ ಏಳು ಸ್ವರ. ನಿಮ್ಮ ಶಿಷ್ಯರೂ ಭಜನೆಯ ಸಾಲು ಕುಟ್ಟಿರಬೇಕು, ಕೇಳಿ ನೋಡಿ.

ಹೊರದೇಶದಲ್ಲಿ ಚಿಪ್‌ಟ್ಯೂನ್ ದೊಡ್ಡ ಅಲೆಯಾದದ್ದು ಅದೇ ಹೊತ್ತಿಗೆ. 1998ರಲ್ಲಿ ಜರ್ಮನಿಯ ಆಲಿವರ್ ವಿಟ್‌ಚೌ ಗೇಮ್ ಬಾಯನ್ನೇ ವಾದ್ಯ ಮಾಡುವ ನ್ಯಾನೋಲೂಪ್ ತಂದರು. ಒಂದೆರಡು ವರ್ಷದಲ್ಲೇ ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ ಅವರ ಲಿಟಲ್ ಸೌಂಡ್ ಡಿಜೆ ಬಂತು. ಇವೆಲ್ಲ ಕ್ಯಾಸೆಟ್ಟಿನಲ್ಲಿ ಬರುವಂಥವು. ಕೈಯಲ್ಲಿ ಆಟಿಕೆ ಹಿಡಿದುಕೊಂಡೇ ವೇದಿಕೆ ಹತ್ತಬಹುದು. ಪಂಕ್ ಸಂಗೀತವನ್ನು ಬೆಳೆಸಿದವರಲ್ಲಿ ಒಬ್ಬರಾದ ಮಾಲ್ಕಮ್ ಮೆಕ್‌ಲಾರೆನ್ 2003ರಲ್ಲಿ ಇದೇ ಹೊಸ ಪಂಕ್ ಅಂತ ಬರೆದರು. ಕಟ್ಟುವವರಲ್ಲಿ ಹಲವರಿಗೆ ಆ ಹೊಗಳಿಕೆ ಹಿಡಿಸಲಿಲ್ಲ. 2006ರಿಂದ ನ್ಯೂಯಾರ್ಕಿನಲ್ಲಿ ಚಿಪ್‌ಟ್ಯೂನಿನದೇ ಬ್ಲಿಪ್ ಫೆಸ್ಟಿವಲ್ ನಡೆಯಿತು. 2012ಕ್ಕೆ ಅಲ್ಲಿ ಅದು ಮುಗಿಯಿತು.

ಯಾಕೆ ತಣ್ಣಗಾಯಿತು ಅಂತ ಕೇಳಿದ್ದೀರಿ. ಸದ್ದು ಹಳತಾಯಿತು ಅನ್ನೋದು ನನಗೆ ಒಪ್ಪಿಗೆಯಿಲ್ಲ, ಅದು ಹುಟ್ಟಿದಾಗಲೇ ಹಳತಾಗಿತ್ತು. ಯಂತ್ರಗಳು ಸಾಯುತ್ತಿರುವುದು ಒಂದು ಕಾರಣ. ಕಮಡೋರ್ 64 ತಯಾರಿಕೆ 1994ಕ್ಕೇ ನಿಂತಿತು, ಸಿಡ್ ಚಿಪ್ಪು ಸುಟ್ಟರೆ ಹಳೆ ಮಾಲು ಹುಡುಕಬೇಕು. ಗೇಮ್ ಬಾಯ್ ಕ್ಯಾಸೆಟ್ಟಿನೊಳಗೆ ಗುಂಡಿಯಂಥ ಒಂದು ಸೆಲ್ ಇರುತ್ತದೆ, ಅದು ತೀರಿದರೆ ಅದರಲ್ಲಿಟ್ಟ ಹಾಡುಗಳೂ ಹೋದವು. ಆದರೆ ದೊಡ್ಡ ಕಾರಣ ಬೇರೆ. ಆ ಸದ್ದು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಿಗುವಂತಾಯಿತು. ಮೂರೇ ಧ್ವನಿ ಅನ್ನುವ ಕಟ್ಟಳೆ ಇಲ್ಲ, ಬೇಕಾದರೆ ಮೂವತ್ತು ಹಾಕಿ. ಬಣ್ಣ ಉಳಿಯಿತು, ಹರಸಾಹಸ ಹೋಯಿತು. ಜಾಹೀರಾತಿನವರು, ಹೊಸ ಆಟದವರು ಆ ಬಣ್ಣ ಬಳಿದುಕೊಂಡರು.

ಇಲ್ಲಿ ನಿಮ್ಮ ಮಾತನ್ನೂ ಸ್ವಲ್ಪ ಒಪ್ಪುತ್ತೇನೆ. ಕೇಳುಗರಲ್ಲಿ ಹೆಚ್ಚಿನವರು ಹಾಡಿಗೆ ಬಂದವರಲ್ಲ, ತಮ್ಮ ಬಾಲ್ಯಕ್ಕೆ ಬಂದವರು. ನಾನೂ ಅವರಲ್ಲೊಬ್ಬ. ಅಂಥ ಕೇಳುಗರಿಗೆ ವಯಸ್ಸಾಗುತ್ತದೆ, ಹೊಸಬರು ಹುಟ್ಟುವುದಿಲ್ಲ. ಪೇಟಿ ಉಳಿದದ್ದು ಹಾಗಲ್ಲ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ, ಭಜನೆಗೆ, ಕಂಪನಿ ನಾಟಕಕ್ಕೆ ಅದು ದಿನಾ ಬೇಕಿತ್ತು, ರೇಡಿಯೋ ಬಿಟ್ಟರೂ ಊರು ಬಿಡಲಿಲ್ಲ. ಚಿಪ್‌ಟ್ಯೂನಿಗೆ ಅಂಥ ಊರು ಇರಲಿಲ್ಲ. ಅದು ಬೆಳೆದ ಕಂಪ್ಯೂಟರ್ ಕಲೆಯ ಕೂಟಗಳು, ಡೆಮೋಸೀನ್ ಅನ್ನುತ್ತಾರೆ, ಈಗಲೂ ನಡೆಯುತ್ತವೆ. ಫಿನ್‌ಲ್ಯಾಂಡ್ 2020ರಲ್ಲಿ ಅದನ್ನು ತನ್ನ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿತು, 2021ರಲ್ಲಿ ಜರ್ಮನಿಯೂ ಸೇರಿಸಿತು. ಸರ್ಕಾರದ ಪಟ್ಟಿಗೆ ಹತ್ತಿತು ಅಂದರೆ ಮುಪ್ಪು ಬಂತು ಅಂತಲೇ ನನ್ನ ಲೆಕ್ಕ. ನೀವು ಸಂತೋಷಪಡಬಹುದು.

ಪೇಟಿಯ ಬಗ್ಗೆ ನಾವು ಬರೆದಿಲ್ಲ ಅನ್ನುವ ದೂರು ನಿಜ. ನೀವೇ ಬರೆದುಕೊಡಿ. ಮೂರು ಪುಟ ಕೊಡುತ್ತೇವೆ, ಕತ್ತರಿಯನ್ನು ಬೇರೆಯವರ ಕೈಗೆ ಕೊಡುತ್ತೇನೆ.

ಈಗ ಮೊಮ್ಮಗನ ಪ್ರಶ್ನೆ. ಅಟ್ಟದಲ್ಲಿ ಸಿಕ್ಕ ಹಳೆ ಕ್ಯಾಸೆಟ್ಟು ಊದಿದರೆ ನಡೆಯುತ್ತದಾ ಅಂತ. ನಾವೆಲ್ಲ ಊದಿದ್ದೇವೆ. ಆದರೆ ಕೆಲಸ ಮಾಡುತ್ತಿದ್ದದ್ದು ಊದುವುದಲ್ಲ, ತೆಗೆದು ಮತ್ತೆ ಹಾಕುವುದು. ಬಾಯಿಯ ಪಸೆ ತಾಗಿ ಆ ಹಿತ್ತಾಳೆ ಬಣ್ಣದ ಪಟ್ಟಿಗಳು ಕಿಲುಬು ಹಿಡಿಯುತ್ತವೆ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಲು ಹೇಳಿ. ಬೆಳಗಾವಿಯ ಮಳೆಗಾಲದಲ್ಲಿ ಪೇಟಿ ಎಲ್ಲಿ ಇಡುತ್ತೀರೋ, ಕ್ಯಾಸೆಟ್ಟನ್ನೂ ಅಲ್ಲೇ ಇಡಿ.

— ಸಂಪಾದಕ