ಹೊಸ ಕ್ಲಬ್ಬಿನ ಹೊಣೆ ಹೊತ್ತ ಮೇಲೆ ಮೊದಲು ಒಪ್ಪಂದಗಳನ್ನು ಓದಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಫುಟ್‌ಬಾಲ್ ಮ್ಯಾನೇಜರ್ 2019 ಎಂಬ ಕಂಪ್ಯೂಟರ್ ಆಟದಲ್ಲಿ ನೀವು ಇಂಗ್ಲೆಂಡಿನ ಸಂಡರ್‌ಲೆಂಡ್ ಕ್ಲಬ್ಬನ್ನು ವಹಿಸಿಕೊಂಡಿದ್ದೀರಿ. ಇನ್‌ಬಾಕ್ಸ್ ತುಂಬ ಸಂದೇಶಗಳಿವೆ. ಲೀಗ್ ಆರಂಭವಾಗುವುದರೊಳಗೆ ಯಾರನ್ನು ಕೊಳ್ಳಬೇಕು, ಯಾವ ಫಾರ್ಮೇಶನ್ (ಮೈದಾನದಲ್ಲಿ ಆಟಗಾರರನ್ನು ನಿಲ್ಲಿಸುವ ಕ್ರಮ) ಆಡಿಸಬೇಕು ಎಂದು ಕೇಳಿದ್ದೀರಿ. ಇದು ಕೈಹಿಡಿದರೆ ಮುಂದೆ ಹೊಸ ಆವೃತ್ತಿಯಲ್ಲಿ ಬೆಂಗಳೂರು ಎಫ್‌ಸಿಯನ್ನು ನಡೆಸುವ ಆಸೆ ಇದೆ ಎಂದೂ ಬರೆದಿದ್ದೀರಿ. ನಾನು ಹಲವು ವರ್ಷಗಳಿಂದ ಈ ಆಟವನ್ನು ಆಡುತ್ತಿದ್ದೇನೆ, ಸಂಡರ್‌ಲೆಂಡನ್ನು ಇದೇ ಆವೃತ್ತಿಯಲ್ಲಿ ನಡೆಸಿಯೂ ಇದ್ದೇನೆ. ನೀವು ಕೇಳಿದ ಕ್ರಮದಲ್ಲಿ ನಾನು ಉತ್ತರಿಸುವುದಿಲ್ಲ. ಕೊಳ್ಳುವ ಮಾತು ಕೊನೆಗೆ ಬರಬೇಕು, ಫಾರ್ಮೇಶನ್ ಅದಕ್ಕೆ ಮೊದಲು, ಎಲ್ಲಕ್ಕಿಂತ ಮೊದಲು ಈಗ ಕ್ಲಬ್ಬಿನಲ್ಲಿ ಇರುವವರ ಒಪ್ಪಂದಗಳು.

ಇದಕ್ಕೆ ಕಾರಣ ಸಂಡರ್‌ಲೆಂಡಿನ ಚರಿತ್ರೆಯಲ್ಲೇ ಇದೆ. ಈ ಕ್ಲಬ್ 2017ರಲ್ಲಿ ಇಂಗ್ಲೆಂಡಿನ ಅತಿ ಮೇಲಿನ ಸ್ತರವಾದ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು, ಮರುವರ್ಷವೇ ಎರಡನೆಯ ಸ್ತರವಾದ ಚಾಂಪಿಯನ್‌ಷಿಪ್‌ನಿಂದಲೂ ಇಳಿದು ಮೂರನೆಯ ಸ್ತರವಾದ ಲೀಗ್ ಒನ್‌ಗೆ ಬಂದು ಬಿದ್ದಿತು. ಸುಮಾರು 49,000 ಜನ ಕೂರಬಲ್ಲ ಸ್ಟೇಡಿಯಂ ಆಫ್ ಲೈಟ್ ಹಾಗೆಯೇ ಉಳಿಯಿತು, ಅಭಿಮಾನಿಗಳೂ ಉಳಿದರು, ಆದರೆ ಅವರೊಂದಿಗೆ ಪ್ರೀಮಿಯರ್ ಲೀಗ್ ಕಾಲದಲ್ಲಿ ಬರೆದುಕೊಟ್ಟ ಸಂಬಳಗಳೂ ಉಳಿದವು. 2014ರಲ್ಲಿ ಐದು ವರ್ಷಗಳ ಒಪ್ಪಂದದ ಮೇಲೆ ಬಂದ ಜ್ಯಾಕ್ ರಾಡ್‌ವೆಲ್ ಅವರ ಸಂಬಳವು ತಂಡ ಕೆಳಗಿಳಿದರೂ ಕಡಿತವಾಗುವಂತಿರಲಿಲ್ಲ, ಏಕೆಂದರೆ ಅಂಥ ಷರತ್ತು ಅವರ ಒಪ್ಪಂದದಲ್ಲಿ ಇರಲಿಲ್ಲ ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು. ಕೊನೆಗೆ 2018ರ ಜೂನ್‌ನಲ್ಲಿ ಎರಡೂ ಕಡೆಯವರ ಒಪ್ಪಿಗೆಯಿಂದ ಆ ಒಪ್ಪಂದ ರದ್ದಾಯಿತು. ಆಟಗಾರನನ್ನು ಇದಕ್ಕೆ ದೂಷಿಸುವುದು ಸರಿಯಲ್ಲ. ಸಹಿ ಮಾಡುವ ದಿನ ಒಂದು ಸಾಲನ್ನು ಸೇರಿಸದೆ ಬಿಟ್ಟವರು ಕ್ಲಬ್ಬಿನ ಕಡೆಯವರು. ಆಟದಲ್ಲಿಯೂ ನಿಮ್ಮ ಕೈಗೆ ಬರುವುದು ಬರಿಯ ತಂಡವಲ್ಲ, ನಿಮಗಿಂತ ಹಿಂದಿನವರು ಮಾಡಿಟ್ಟ ತೀರ್ಮಾನಗಳ ಮೊತ್ತ. ಅದನ್ನು ಓದದೆ ಹೊಸ ತೀರ್ಮಾನ ಕೈಗೊಳ್ಳುವುದು ಅಪಾಯಕಾರಿ.

ಆದ್ದರಿಂದ ತಂಡದ ಪಟ್ಟಿಯನ್ನು ತೆರೆದು, ಒಪ್ಪಂದ ಮುಗಿಯುವ ದಿನಾಂಕದ ಅಂಕಣವನ್ನು ಸೇರಿಸಿಕೊಂಡು, ಬೇಗ ಮುಗಿಯುವುದು ಮೇಲೆ ಬರುವಂತೆ ಜೋಡಿಸಿ. ಪಟ್ಟಿಯ ಮೇಲುಭಾಗದಲ್ಲಿ ನಿಮಗೆ ಜೋಶ್ ಮಾಜಾ ಎಂಬ ಯುವ ಸ್ಟ್ರೈಕರ್ ಹೆಸರು ಸಿಗುತ್ತದೆ. ನಿಜ ಜೀವನದಲ್ಲಿ 2018-19ರ ಋತುವಿನಲ್ಲಿ ನಡೆದದ್ದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮೊದಲ ವಾರದ ಕೆಲಸ ಏನೆಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಋತುವನ್ನು ಆರಂಭಿಸಿದ ಮಾಜಾ, ಜನವರಿಯೊಳಗೆ 24 ಲೀಗ್ ಪಂದ್ಯಗಳಲ್ಲಿ 15 ಗೋಲು ಹೊಡೆದರು. ಅವರ ಒಪ್ಪಂದ 2019ರ ಬೇಸಿಗೆಯಲ್ಲಿ ಮುಗಿಯುವುದಿತ್ತು. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ವಿದೇಶಿ ಕ್ಲಬ್ಬುಗಳು ಆಟಗಾರನೊಂದಿಗೆ ನೇರವಾಗಿ ಮಾತಾಡಿ ಮುಂದಿನ ಋತುವಿಗೆ ಅವನನ್ನು ಗೊತ್ತುಮಾಡಿಕೊಳ್ಳಬಹುದು. ಹೊಸ ಒಪ್ಪಂದಕ್ಕೆ ಸಹಿ ಬೀಳದೆ ಇದ್ದುದರಿಂದ ಸಂಡರ್‌ಲೆಂಡ್ ಜನವರಿಯಲ್ಲಿ ಅವರನ್ನು ಫ್ರಾನ್ಸಿನ ಬೋರ್ಡೋ ಕ್ಲಬ್ಬಿಗೆ ಮಾರಿತು. ಆಮೇಲೆ ಆ ಜಾಗ ತುಂಬಲು, ವರ್ಗಾವಣೆಯ ಕೊನೆಯ ದಿನ, ವಿಗನ್‌ನಿಂದ ವಿಲ್ ಗ್ರಿಗ್ ಅವರನ್ನು ಲೀಗ್ ಒನ್ ಮಟ್ಟಕ್ಕೆ ಬಹಳ ದೊಡ್ಡದಾದ ಮೊತ್ತ ಕೊಟ್ಟು ತರಬೇಕಾಯಿತು. ಆ ಋತುವಿನಲ್ಲಿ ತಂಡ 46 ಪಂದ್ಯಗಳಲ್ಲಿ ಸೋತದ್ದು ಐದನ್ನು ಮಾತ್ರ, ಡ್ರಾ ಮಾಡಿಕೊಂಡದ್ದು ಹತ್ತೊಂಬತ್ತನ್ನು. 85 ಅಂಕ ಗಳಿಸಿಯೂ ಐದನೆಯ ಸ್ಥಾನದಲ್ಲಿ ನಿಂತು, ಮೇಲೇರಲು ಉಳಿದಿದ್ದ ಕೊನೆಯ ಅವಕಾಶವಾದ ಪ್ಲೇ-ಆಫ್ ಫೈನಲ್‌ನಲ್ಲಿ ಚಾರ್ಲ್‌ಟನ್ ಎದುರು 2-1ರಿಂದ ಸೋತಿತು. ಅಷ್ಟೊಂದು ಡ್ರಾಗಳಿಗೆ ಒಂದೇ ಕಾರಣ ಇರುವುದಿಲ್ಲ ಎಂಬುದು ನಿಜ. ಆದರೂ ಗೋಲು ಹೊಡೆಯುತ್ತಿದ್ದವನನ್ನು ಋತುವಿನ ನಡುವೆ ಕಳೆದುಕೊಂಡ ತಂಡ ಗೆಲ್ಲಬಹುದಾದ ಪಂದ್ಯಗಳನ್ನು ಸಮ ಮಾಡಿಕೊಂಡಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಕಥೆ ಗೊತ್ತಿರುವುದರಿಂದ ನಿಮಗೆ ಅಂದಿನ ಕ್ಲಬ್ಬಿಗಿಂತ ಹೆಚ್ಚು ಅನುಕೂಲವಿದೆ. ಮೊದಲ ದಿನವೇ ಮಾಜಾ ಅವರಿಗೆ ಹೊಸ ಒಪ್ಪಂದದ ಪ್ರಸ್ತಾಪ ಇಡಿ. ಅವರ ಏಜೆಂಟ್ ಕೇಳುವ ವಾರದ ಸಂಬಳ ಹೆಚ್ಚೆನಿಸಿದರೆ ಅದನ್ನು ಕಡಿಮೆ ಇಟ್ಟು, ಗೋಲಿಗಿಷ್ಟು ಎಂಬ ಬೋನಸ್ಸನ್ನೂ ತಂಡ ಮೇಲೇರಿದರೆ ಸಂಬಳ ಹೆಚ್ಚುತ್ತದೆ ಎಂಬ ಷರತ್ತನ್ನೂ ಸೇರಿಸಿ. ಮೇಲೇರಿದಾಗ ಕ್ಲಬ್ಬಿನ ಆದಾಯವೂ ಏರುವುದರಿಂದ ಆ ಹೊರೆ ಹೊರುವಂಥದ್ದು. ಕನಿಷ್ಠ ಬಿಡುಗಡೆ ಮೊತ್ತದ ಷರತ್ತನ್ನು (ಅಷ್ಟು ಹಣ ಕೊಡಲು ಬಂದ ಕ್ಲಬ್ಬನ್ನು ನೀವು ತಡೆಯಲಾಗದಂತೆ ಮಾಡುವ ಷರತ್ತನ್ನು) ಮಾತ್ರ ಸಾಧ್ಯವಾದಷ್ಟೂ ತೆಗೆಸಿಹಾಕಿ, ತೆಗೆಯಲು ಒಪ್ಪದಿದ್ದರೆ ಆ ಮೊತ್ತವನ್ನು ಏರಿಸಿ. ಮಾತುಕತೆ ಮುರಿದುಬಿದ್ದು ಅವರು ಸಹಿ ಮಾಡುವುದೇ ಇಲ್ಲ ಎಂದಾದರೆ ಆಗಸ್ಟ್‌ನಲ್ಲಿಯೇ ಮಾರಿ. ಜನವರಿಯವರೆಗೆ ಕಾದರೆ ಬೆಲೆ ಇಳಿಯುತ್ತದೆ, ಬದಲಿ ಆಟಗಾರನನ್ನು ಹುಡುಕುವ ಅವಧಿಯೂ ಕಿರಿದಾಗುತ್ತದೆ. ಪಟ್ಟಿಯಲ್ಲಿ ಉಳಿದ ಪ್ರತಿಯೊಬ್ಬರ ಬಗೆಗೂ ಹೀಗೆಯೇ ಯೋಚಿಸಬೇಕು: ಇವರು ಮುಂದಿನ ವರ್ಷ ನನಗೆ ಬೇಕೇ, ಬೇಡವಾದರೆ ಇಂದು ಯಾರಾದರೂ ಹಣ ಕೊಟ್ಟು ಕೊಳ್ಳುತ್ತಾರೆಯೇ, ಕೊಳ್ಳದಿದ್ದರೆ ಸಂಬಳದ ಒಂದು ಭಾಗವನ್ನಾದರೂ ಹೊರುವ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ಕೆಲಕಾಲ ಆಡಿಬರಲು, ಕಳಿಸಬಹುದೇ.

ಬೇಕೋ ಬೇಡವೋ ಎಂದು ನಿರ್ಧರಿಸಲು ಹೊಸಬರು ಸಾಮಾನ್ಯವಾಗಿ ಆಟಗಾರನ ಹೆಸರಿನೆದುರು ಆಟ ತೋರಿಸುವ ನಕ್ಷತ್ರಗಳನ್ನು ನೋಡುತ್ತಾರೆ. ಆ ನಕ್ಷತ್ರಗಳು ಆಟಗಾರನ ನಿಜವಾದ ಸಾಮರ್ಥ್ಯದ ಅಳತೆಯಲ್ಲ. ಅವು ನಿಮ್ಮದೇ ತಂಡದ ಇತರರೊಡನೆ ಹೋಲಿಸಿ ನಿಮ್ಮ ಸಿಬ್ಬಂದಿ ಕೊಟ್ಟ ಅಭಿಪ್ರಾಯ. ಆಟವು ಪ್ರತಿ ಆಟಗಾರನ ಈಗಿನ ಮತ್ತು ಮುಂದಿನ ಸಾಮರ್ಥ್ಯವನ್ನು 200ರ ಅಳತೆಯಲ್ಲಿ ಒಳಗೇ ಬಚ್ಚಿಟ್ಟಿರುತ್ತದೆ, ನಮಗೆ ಕಾಣಿಸುವುದು 1ರಿಂದ 20ರವರೆಗಿನ ಗುಣಾಂಕಗಳು ಮಾತ್ರ. ಸಹಾಯಕ ಮ್ಯಾನೇಜರರಿಗೆ ಸಾಮರ್ಥ್ಯವನ್ನು ಗುರುತಿಸುವ ಗುಣದಲ್ಲಿ 8 ಇದ್ದರೆ ಅವರು ಕೊಡುವ ನಾಲ್ಕು ನಕ್ಷತ್ರವನ್ನು ನಂಬಿ ಯಾರನ್ನೂ ಮಾರಬಾರದು. ಆದ್ದರಿಂದ ಸಿಬ್ಬಂದಿಯ ಪುಟವನ್ನು ಮೊದಲು ತೆರೆದು, ಸಾಮರ್ಥ್ಯವನ್ನೂ ಮುಂದಿನ ಬೆಳವಣಿಗೆಯನ್ನೂ ಅಳೆಯುವ ಎರಡು ಗುಣಗಳಲ್ಲಿ ಯಾರು ಮುಂದಿದ್ದಾರೆ ಎಂದು ನೋಡಿ, ಅವರ ವರದಿಯನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಅಂಥವರು ಯಾರೂ ಇಲ್ಲದಿದ್ದರೆ, ಆಟಗಾರನಿಗಿಂತ ಮೊದಲು ಒಬ್ಬ ಒಳ್ಳೆಯ ಸಹಾಯಕ ಮ್ಯಾನೇಜರರನ್ನು ನೇಮಿಸಿಕೊಳ್ಳಿ. ಅವರ ಸಂಬಳ ಒಬ್ಬ ಸಾಧಾರಣ ಆಟಗಾರನ ಸಂಬಳಕ್ಕಿಂತ ಬಹಳ ಕಡಿಮೆ, ಲಾಭವೋ ಎಲ್ಲ ಆಟಗಾರರ ಮೇಲೂ ಹರಡುತ್ತದೆ.

ಸಿಬ್ಬಂದಿಯ ಪುಟದಲ್ಲಿಯೇ ಯಾವ ಕೆಲಸ ಯಾರ ಹೊಣೆ ಎಂಬ ವಿಭಾಗವಿದೆ. ಅದನ್ನು ಮರೆಯದೆ ನೋಡಿ, ಏಕೆಂದರೆ ಆಟಗಾರರ ಮಾರಾಟವನ್ನೋ ಒಪ್ಪಂದ ಮುಂದುವರಿಸುವುದನ್ನೋ ಬೇರೆಯವರ ಕೈಗೆ ಒಪ್ಪಿಸಿದ್ದರೆ ನಿಮ್ಮ ಯೋಜನೆ ನಿಮಗೆ ತಿಳಿಯದೆಯೇ ಬದಲಾಗಬಹುದು. ಮೊದಲ ತಂಡದ ಒಪ್ಪಂದ, ಕೊಳ್ಳುವುದು, ಮಾರುವುದು, ಈ ಮೂರು ನಿಮ್ಮ ಬಳಿಯೇ ಇರಲಿ. ಪತ್ರಿಕಾಗೋಷ್ಠಿಗಳನ್ನೂ ಕಿರಿಯರ ತಂಡದ ದಿನನಿತ್ಯದ ಕೆಲಸವನ್ನೂ ಸಹಾಯಕರಿಗೆ ಬಿಟ್ಟುಕೊಡಿ. ಇನ್‌ಬಾಕ್ಸ್ ಅರ್ಧಕ್ಕರ್ಧ ಹಗುರವಾಗುತ್ತದೆ.

ಇನ್ನು ಡ್ರೆಸಿಂಗ್ ರೂಮ್. 2018ರ ಆವೃತ್ತಿಯಿಂದ ಈ ಆಟದಲ್ಲಿ ಡೈನಾಮಿಕ್ಸ್ ಎಂಬ ಪುಟವೊಂದು ಬಂದಿದೆ. ತಂಡದಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಯಾರೊಡನೆ ಗುಂಪಾಗಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. ವಯಸ್ಸು, ಹೆಸರು, ನಾಯಕತ್ವದ ಗುಣ, ಕ್ಲಬ್ಬಿನಲ್ಲಿ ಕಳೆದ ವರ್ಷಗಳು, ಇವೆಲ್ಲ ಸೇರಿ ಆ ಸ್ಥಾನ ನಿರ್ಧಾರವಾಗುತ್ತದೆ. 2009ರಿಂದ ಅಲ್ಲಿಯೇ ಇದ್ದ ಲೀ ಕ್ಯಾಟರ್‌ಮೋಲ್ ಅವರಂಥ ಮಿಡ್‌ಫೀಲ್ಡರ್ ಸಂಬಳ ಹೆಚ್ಚು, ವಯಸ್ಸೂ ಮೂವತ್ತು ಮುಟ್ಟಿದೆ ಎಂಬ ಲೆಕ್ಕದಲ್ಲಿ ಮಾರಾಟದ ಪಟ್ಟಿಗೆ ಸೇರುವುದು ಸುಲಭ. ಆದರೆ ಅವರಂಥವರನ್ನು ಮೊದಲ ತಿಂಗಳಲ್ಲಿ ಹೊರಗೆ ಕಳಿಸಿದರೆ ನಾಲ್ಕೈದು ಮಂದಿ ನಿಮ್ಮ ಬಾಗಿಲಿಗೆ ಬಂದು ಅಸಮಾಧಾನ ತೋಡಿಕೊಳ್ಳುತ್ತಾರೆ, ಹೊಸ ಮ್ಯಾನೇಜರರ ಮೇಲಿನ ನಂಬಿಕೆ ಬೇರೂರುವ ಮೊದಲೇ ಸಡಿಲವಾಗುತ್ತದೆ. ನಿಜದಲ್ಲಿ ಆ ವರ್ಷ ಮ್ಯಾನೇಜರ್ ಆಗಿ ಬಂದ ಜ್ಯಾಕ್ ರಾಸ್, ಅಕಾಡೆಮಿಯಿಂದ ಬೆಳೆದ ಜಾರ್ಜ್ ಹನಿಮನ್ ಅವರಿಗೆ ನಾಯಕತ್ವ ಕೊಟ್ಟು ಕ್ಯಾಟರ್‌ಮೋಲ್ ಅವರನ್ನು ತಂಡದಲ್ಲಿಯೇ ಉಳಿಸಿಕೊಂಡರು. ಆಟದಲ್ಲಿಯೂ ಇದು ಒಳ್ಳೆಯ ಮಾರ್ಗವೆಂದು ನನ್ನ ಅಭಿಪ್ರಾಯ. ಮಾರಲೇಬೇಕಾದ ಹಿರಿಯರನ್ನು ನಾಲ್ಕೈದು ಗೆಲುವುಗಳು ಬಂದು ತಂಡದ ಮನಸ್ಸು ನಿಮ್ಮ ಕಡೆಗಿದ್ದಾಗ ಮಾರಿ. ಹಾಗೆಯೇ, ಆಟಗಾರರಿಗೆ ಕೊಡುವ ಮಾತಿನ ಬಗ್ಗೆ ಎಚ್ಚರವಿರಲಿ. ಈ ಜಾಗಕ್ಕೆ ಒಬ್ಬರನ್ನು ತರುತ್ತೇನೆ ಎಂದು ಯಾರನ್ನೋ ಸಮಾಧಾನಪಡಿಸಲು ಹೇಳಿದ ಮಾತನ್ನು ಆಟ ದಾಖಲಿಸಿಟ್ಟುಕೊಳ್ಳುತ್ತದೆ, ಗಡುವು ಮೀರಿದ ದಿನ ಅದೇ ಆಟಗಾರ ಮರಳಿ ಬಂದು ನಿಲ್ಲುತ್ತಾನೆ.

ಫಾರ್ಮೇಶನ್ ವಿಚಾರಕ್ಕೆ ಈಗ ಬರಬಹುದು, ಏಕೆಂದರೆ ಉಳಿಯುವವರು ಯಾರೆಂದು ಈಗ ಗೊತ್ತಾಗಿದೆ. ಏಡನ್ ಮಗೀಡಿ, ಲಿಂಡನ್ ಗೂಚ್, ಕ್ರಿಸ್ ಮಗ್ವೈರ್ ಎಂಬ ಮೂವರು ಬದಿಗಳಿಂದ ಒಳನುಗ್ಗಿ ಚೆಂಡು ಕೊಡಬಲ್ಲವರು. ಹನಿಮನ್ ಸ್ಟ್ರೈಕರ್ ಹಿಂದೆ ಓಡಾಡಬಲ್ಲವರು. ಹೀಗಿರುವಾಗ 4-2-3-1 (ಹಿಂದೆ ನಾಲ್ವರು, ಅವರ ಮುಂದೆ ಇಬ್ಬರು, ಮತ್ತೆ ಮೂವರು, ತುದಿಯಲ್ಲಿ ಒಬ್ಬ ಸ್ಟ್ರೈಕರ್) ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಜಾಲತಾಣಗಳಿಂದ ಇಳಿಸಿಕೊಂಡ ಯಾರದೋ ಟ್ಯಾಕ್ಟಿಕ್ಸ್‌ಗೆ ಈ ತಂಡವನ್ನು ಹೊಂದಿಸಲು ಹೊರಟರೆ ಮೂರು ಜಾಗಕ್ಕೆ ಹೊಸಬರು ಬೇಕಾಗುತ್ತಾರೆ. 2019ರ ಆವೃತ್ತಿಯಲ್ಲಿ ಗೇಗನ್‌ಪ್ರೆಸ್ಸಿನಂಥ ಸಿದ್ಧ ಶೈಲಿಗಳೂ ಸಿಗುತ್ತವೆ. ಎದುರಾಳಿಯನ್ನು ಸದಾ ಒತ್ತುವ ಆ ಶೈಲಿ ಆಕರ್ಷಕವಾದರೂ, 24 ತಂಡಗಳ ಲೀಗ್, ಅದರ ಮೇಲೆ ಕಪ್ ಪಂದ್ಯಗಳು, ಶನಿವಾರ ಒಂದು ಮಂಗಳವಾರ ಒಂದು ಎಂದು ಬರುವ ವಾರಗಳು ಸೇರಿದಾಗ ಡಿಸೆಂಬರ್ ಹೊತ್ತಿಗೆ ಕಾಲು ಎಳೆಯುವ ತಂಡ ನಿಮ್ಮದಾಗುತ್ತದೆ. ಒಂದೇ ಆಕಾರವನ್ನು ಇಟ್ಟುಕೊಂಡು, ಮೂರು ಟ್ಯಾಕ್ಟಿಕ್ ಜಾಗಗಳಲ್ಲಿ ಅದರದೇ ಮೂರು ರೂಪಗಳನ್ನು ತುಂಬಿ: ಸಾಮಾನ್ಯ ದಿನಕ್ಕೊಂದು, ಮುನ್ನಡೆಯನ್ನು ಕಾಯ್ದುಕೊಳ್ಳಲು ಒಂದು, ಗೋಲು ಬೇಕೇಬೇಕಾದ ಕೊನೆಯ ನಿಮಿಷಗಳಿಗೆ ಒಂದು. ಆಕಾರ ಒಂದೇ ಆದ್ದರಿಂದ ಆಟಗಾರರಿಗೆ ಮೂರೂ ಒಟ್ಟಿಗೆ ರೂಢಿಯಾಗುತ್ತವೆ. ಪ್ರೀ-ಸೀಸನ್ ಪಂದ್ಯಗಳನ್ನು ಮೊದಲು ನಿಮ್ಮ ಕಿರಿಯರ ತಂಡದ ಎದುರು, ಆಮೇಲೆ ಕೆಳಗಿನ ಲೀಗಿನವರ ಎದುರು, ಕೊನೆಯ ಒಂದನ್ನು ನಿಮ್ಮ ಮಟ್ಟದವರ ಎದುರು ಇಟ್ಟುಕೊಂಡರೆ ಸಾಕು.

ಇಷ್ಟೆಲ್ಲ ಆದ ಮೇಲೆ ಕೊಳ್ಳುವ ಮಾತು. 2018ರಲ್ಲಿ ಇಂಗ್ಲೆಂಡಿನಲ್ಲಿ ಆಟಗಾರರನ್ನು ಕೊಳ್ಳುವ ಅವಧಿ ಆಗಸ್ಟ್ 9ಕ್ಕೇ ಮುಗಿದಿತ್ತು. ಕೆಳಗಿನ ಲೀಗುಗಳಿಗೆ ಲೋನ್ ಮೇಲೆ ತರುವುದಕ್ಕೆ ಆಗಸ್ಟ್ 31ರವರೆಗೆ ಅವಕಾಶವಿತ್ತು. ಹಣ ಕೊಟ್ಟು ತರುವುದಾದರೆ ಒಬ್ಬರನ್ನೋ ಇಬ್ಬರನ್ನೋ ತಂದು, ಮಿಕ್ಕ ಕೊರತೆಯನ್ನು ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಕಿರಿಯರಿಂದ ತುಂಬಿಕೊಳ್ಳಿ. ಒಂದು ಪಂದ್ಯದ ತಂಡದಲ್ಲಿ ಲೋನ್ ಆಟಗಾರರು ಐವರನ್ನು ಮೀರುವಂತಿಲ್ಲ ಎಂಬ ನಿಯಮವನ್ನು ಮಾತ್ರ ನೆನಪಿಡಿ. ವರ್ಗಾವಣೆಗೆಂದು ಆಡಳಿತ ಮಂಡಳಿ ಕೊಟ್ಟ ಹಣದಲ್ಲಿ ಒಂದು ಪಾಲನ್ನು ಸಂಬಳದ ಖಾತೆಗೆ ಸರಿಸಿಕೊಳ್ಳುವ ಅವಕಾಶವೂ ಇದೆ. ಮಾಜಾ ಅವರ ಹೊಸ ಒಪ್ಪಂದಕ್ಕೆ ಬೇಕಾದ ಹಣ ಅಲ್ಲಿಂದಲೇ ಬರಬೇಕು, ಅದೇ ನಿಮ್ಮ ಈ ಬೇಸಿಗೆಯ ಅತ್ಯುತ್ತಮ ಖರೀದಿ.

ಬೆಂಗಳೂರು ಎಫ್‌ಸಿ ವಿಚಾರದಲ್ಲಿ ಮೊದಲು ಓದಬೇಕಾದದ್ದು ಆಟಗಾರರ ನೋಂದಣಿಯ ನಿಯಮ. ಆ ಕ್ಲಬ್ ಆಡುವ ಇಂಡಿಯನ್ ಸೂಪರ್ ಲೀಗಿನಲ್ಲಿ 2021-22ರ ಋತುವಿನಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರು ಮಾತ್ರ ಇರಬಹುದು ಎಂಬ ಮಿತಿ ಬಂದಿತು. ಹಾಗಿರುವಾಗ ತಂಡದ ಏಳು ಜಾಗಗಳ ಗುಣಮಟ್ಟ ಭಾರತೀಯ ಆಟಗಾರರಿಂದಲೇ ನಿರ್ಧಾರವಾಗುತ್ತದೆ, ಒಳ್ಳೆಯ ಭಾರತೀಯ ಡಿಫೆಂಡರ್ ಒಬ್ಬರ ಒಪ್ಪಂದ ಕೈತಪ್ಪಿದರೆ ಆ ಜಾಗವನ್ನು ವಿದೇಶದಿಂದ ತುಂಬುವಂತಿಲ್ಲ. 2017ರಲ್ಲಿ ಬಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರಂಥವರ ಒಪ್ಪಂದದ ದಿನಾಂಕವನ್ನು ಅಲ್ಲಿ ಎಲ್ಲಕ್ಕಿಂತ ಮೊದಲು ನೋಡಿ. ಸುನಿಲ್ ಛೆಟ್ರಿ 1984ರಲ್ಲಿ ಹುಟ್ಟಿದವರು, 2013ರಲ್ಲಿ ಕ್ಲಬ್ ಆರಂಭವಾದಾಗಿನಿಂದ ಅದರ ಮುಖವಾಗಿರುವವರು. ಅವರು ತೊಂಬತ್ತು ನಿಮಿಷ ಆಡದಿದ್ದರೂ ಡ್ರೆಸಿಂಗ್ ರೂಮಿನಲ್ಲಿ ಅವರ ತೂಕ ಕಡಿಮೆಯಾಗುವುದಿಲ್ಲ. ಅವರ ಜಾಗಕ್ಕೆ ಬರಬಹುದಾದ ಭಾರತೀಯ ಸ್ಟ್ರೈಕರನ್ನು ಮೊದಲ ಋತುವಿನಲ್ಲಿಯೇ ಗುರುತಿಸಿ, ಪಂದ್ಯಗಳ ಕೊನೆಯ ಅರ್ಧ ಗಂಟೆಯನ್ನು ಅವನಿಗೆ ಕೊಡುತ್ತಾ ಬನ್ನಿ. 2024-25ರ ಋತುವಿನವರೆಗೆ ಆ ಲೀಗಿನಿಂದ ಯಾವ ತಂಡವೂ ಕೆಳಗಿಳಿಯುತ್ತಿರಲಿಲ್ಲ; ನಿಮ್ಮ ಆವೃತ್ತಿಯಲ್ಲಿಯೂ ಹಾಗೆಯೇ ಇದ್ದರೆ, ಸಂಡರ್‌ಲೆಂಡಿನಲ್ಲಿ ನಿಮಗೆ ಸಿಗದ ಸಮಯ ಅಲ್ಲಿ ಸಿಗುತ್ತದೆ.