ನೆಲ್ಲಿಯ ಗರಿ ಎಲೆಯೋ, ಕೊಂಬೆಯೋ?

ಪ್ರಶ್ನೆ: ಉತ್ಥಾನ ದ್ವಾದಶಿಗೆ ತುಳಸಿಕಟ್ಟೆಯಲ್ಲಿ ನೆಡಲು ನೆಲ್ಲಿಯ ಕೊಂಬೆ ತಂದಿದ್ದೆವು. ಅದರ ಗರಿಯನ್ನು ನೋಡಿದ ಮಗಳು, ಹುಣಸೆಯಂತೆ ಇದೂ ಸಂಯುಕ್ತಪರ್ಣ, ಅಂದರೆ ಹಲವು ತುಣುಕುಗಳಾಗಿ ಒಡೆದ ಒಂದೇ ಎಲೆ, ಎಂದಳು. ಸಸ್ಯಗಳ ಕೈಪಿಡಿಯಲ್ಲಿ ಮಾತ್ರ ನೆಲ್ಲಿಯದು ಸರಳಪರ್ಣ, ಅಂದರೆ ಹಾಗೆ ಒಡೆಯದ ಬಿಡಿ ಎಲೆ, ಎಂದಿದೆ. ಯಾವುದು ಸರಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೈಪಿಡಿಯಲ್ಲಿರುವುದೇ ಸರಿ. ಆದರೆ ನಿಮ್ಮ ಮಗಳು ಗರಿಯನ್ನು ಹುಣಸೆಯೊಂದಿಗೆ ಹೋಲಿಸಿ ನೋಡಿದ್ದು ನನಗೆ ಬಹಳ ಸಂತೋಷ ತಂದಿತು, ಏಕೆಂದರೆ ಸಸ್ಯಗಳ ಪರಿಚಯ ಆರಂಭವಾಗುವುದೇ ಇಂಥ ಹೋಲಿಕೆಯಿಂದ.

ಎಲೆ ಸರಳವೋ ಸಂಯುಕ್ತವೋ ಎಂಬುದನ್ನು ಗಾತ್ರದಿಂದಾಗಲಿ ಆಕಾರದಿಂದಾಗಲಿ ನಿರ್ಧರಿಸಲಾಗದು; ಮೊಗ್ಗು ಎಲ್ಲಿ ಮೂಡುತ್ತದೆ ಎಂಬುದನ್ನು ನೋಡಬೇಕು. ಎಲೆಯ ತೊಟ್ಟು ಕಾಂಡವನ್ನು ಸೇರುವ ಮೇಲ್ಮೂಲೆಗೆ ಕಕ್ಷ, ಅಂದರೆ ಕಂಕುಳು, ಎಂದು ಹೆಸರು; ಮೊಗ್ಗು ಮೂಡುವ ಜಾಗ ಅದು. ಹಿತ್ತಲಿನ ಕರಿಬೇವಿನ ಗಿಡದಲ್ಲಿ ಇದನ್ನು ಪರೀಕ್ಷಿಸಬಹುದು. ಒಗ್ಗರಣೆಗೆ 'ಒಂದೆಸಳು ಕರಿಬೇವು' ಎಂದು ಕೀಳುತ್ತೇವಲ್ಲ, ಆ ಇಡೀ ಎಸಳು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಎಲೆ. ಕೀಳುವ ಮೊದಲು ಅದರ ಬುಡವನ್ನು ಗಮನಿಸಿದರೆ ಕಾಂಡಕ್ಕೆ ಅಂಟಿಕೊಂಡ ಪುಟ್ಟ ಹಸಿರು ಮೊಗ್ಗು ಕಾಣುತ್ತದೆ. ಎಸಳಿನ ದಿಂಡಿಗೆ ಅಂಟಿರುವ ಬಿಡಿ ಹಸಿರು ತುಣುಕುಗಳ ಬುಡದಲ್ಲಿ ಅಂಥದ್ದೇನೂ ಇರುವುದಿಲ್ಲ. ಆದ್ದರಿಂದ ಅವು ಎಲೆಗಳಲ್ಲ, ಪರ್ಣಕಗಳು, ಅಂದರೆ ಒಂದೇ ಎಲೆಯ ಭಾಗಗಳು. ಹುಣಸೆಯದೂ ಇದೇ ರಚನೆ; ಅಲ್ಲಿ ಪರ್ಣಕಗಳು ಎದುರುಬದುರಾಗಿ ಸುಮಾರು 10ರಿಂದ 20 ಜೊತೆ ಇರುತ್ತವೆ.

ನೆಲ್ಲಿಯಲ್ಲಿ ಹಾಗಿಲ್ಲ. ಬೇಸಿಗೆಯಲ್ಲಿ ಮರ ಹೂಬಿಟ್ಟಾಗ ಗರಿಯ ಬುಡದ ಕಡೆ ನೋಡಿ: ಹಳದಿ ಮಿಶ್ರಿತ ಹಸಿರಿನ ಸಣ್ಣ ಹೂಗಳು ಪುಟ್ಟ ಎಲೆಗಳ ಕಂಕುಳಲ್ಲೇ ಗುಂಪಾಗಿ ಕುಳಿತಿರುತ್ತವೆ. ಪರ್ಣಕದ ಕಂಕುಳಲ್ಲಿ ಹೀಗೆ ಹೂ ಮೂಡುವುದಿಲ್ಲವಾದ್ದರಿಂದ ಆ ಪ್ರತಿಯೊಂದು ಹಸಿರು ತುಣುಕೂ ಪೂರ್ಣ ಎಲೆ, ಗರಿಯೆಂದು ಕಂಡದ್ದು ಕಿರುಕೊಂಬೆ. ಭೂತಗನ್ನಡಿ ಹಿಡಿದರೆ ಪ್ರತಿ ಎಲೆಯ ಬುಡದಲ್ಲೂ ಒಂದು ಜೊತೆ ಕಂದು ಪೊರೆಗಳು ಕಾಣಬಹುದು; ಅವುಗಳಿಗೆ ವೃಂತಪರ್ಣಗಳೆಂದು ಹೆಸರು. ಕಣ್ಣು ಮೋಸಹೋಗಲು ಮತ್ತೊಂದು ಬಲವಾದ ಕಾರಣವಿದೆ. ಈ ಕಿರುಕೊಂಬೆ ಸಾಮಾನ್ಯ ಕೊಂಬೆಯಂತೆ ವರ್ಷ ವರ್ಷವೂ ಬೆಳೆಯುತ್ತ ಹೋಗದೆ, ಒಂದು ಅಳತೆಗೆ ನಿಂತು, ಕಾಲ ಬಂದಾಗ ಸಂಯುಕ್ತಪರ್ಣದ ಹಾಗೆಯೇ ಇಡಿಯಾಗಿ ಉದುರಿಬಿಡುತ್ತದೆ.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ನೆಲ್ಲಿಯನ್ನು ಸೇರಿಸಿದ 'ಫಿಲಾಂಥಸ್' ಕುಲದ ಹೆಸರಿಗೆ ಗ್ರೀಕ್‌ನಲ್ಲಿ 'ಎಲೆ-ಹೂ' ಎಂದೇ ಅರ್ಥ.

ಮಗಳ ಟಿಪ್ಪಣಿಯಲ್ಲಿ ನೆಲ್ಲಿಯ ಎಲೆಯನ್ನು 'ಸರಳ, ಪರ್ಯಾಯ ಜೋಡಣೆ (ಎದುರುಬದುರಲ್ಲ, ಒಂದಾದ ಮೇಲೊಂದು), ಎರಡು ಸಾಲು, ತೊಟ್ಟು ಇದ್ದೂ ಇಲ್ಲದಷ್ಟು ಗಿಡ್ಡ, ನೀಳ ಆಕಾರ' ಎಂದು ಬರೆಯಿಸಿ. ಮುಂದಿನ ಬೇಸಿಗೆಯವರೆಗೆ ಕಾಯಲಾಗದಿದ್ದರೆ, ಅಡಿಕೆ ತೋಟದ ತೇವದ ನೆಲದಲ್ಲಿ ನೆಲ್ಲಿಯ ಬಂಧುವಾದ ಕಿರುನೆಲ್ಲಿಯನ್ನು ಹುಡುಕಿ, ಗರಿಯನ್ನು ಮಗುಚಿ ತೋರಿಸಿ: ಎಲೆಗಳ ಬುಡದಿಂದ ಸಾಸಿವೆಯಂಥ ಕಾಯಿಗಳು ಸಾಲಾಗಿ ಜೋತುಬಿದ್ದಿರುತ್ತವೆ.