ವಾಷಿಂಗ್ಟನ್ ರಾಜ್ಯದಲ್ಲಿ ನ್ಯಾಷನಲ್ ಬೋರ್ಡ್ ಟೀಚರ್‌ಗಳಿಗೆ ಸಿಗುವ ಬೋನಸ್

ನಿಮ್ಮ ಮನೆಯವರು ಸಿಯಾಟಲ್ ಹತ್ತಿರದ ಪಬ್ಲಿಕ್ ಶಾಲೆಯಲ್ಲಿ ಟೀಚರ್, ನ್ಯಾಷನಲ್ ಬೋರ್ಡ್ ಸರ್ಟಿಫಿಕೇಟ್ (ನುರಿತ ಟೀಚರ್‌ಗಳಿಗೆ ಅಮೆರಿಕದಲ್ಲಿ ರಾಷ್ಟ್ರಮಟ್ಟದಲ್ಲಿ ಕೊಡುವ ಪ್ರಮಾಣಪತ್ರ) ತಗೊಂಡರೆ ದುಡ್ಡು ಜಾಸ್ತಿ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತದೆ. 2007ರಲ್ಲಿ ರಾಜ್ಯ ಕಾನೂನು ಮಾಡಿ ವರ್ಷಕ್ಕೆ 5,000 ಡಾಲರ್ ಬೋನಸ್ ಇಟ್ಟಿತು. ಬೆಲೆ ಏರಿದ ಹಾಗೆ ಅದೂ ಏರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಅಂಶ. ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಕಲಿಸಿದರೆ ಇನ್ನೂ 5,000 ಡಾಲರ್ ತನಕ ಸೇರುತ್ತದೆ. ಉಚಿತ ಅಥವಾ ಕಡಿಮೆ ದರದ ಊಟಕ್ಕೆ ಅರ್ಹರಾದ ಮಕ್ಕಳು ಪ್ರೈಮರಿಯಲ್ಲಿ ಶೇ 70, ಮಿಡಲ್ ಸ್ಕೂಲಲ್ಲಿ ಶೇ 60, ಹೈಸ್ಕೂಲಲ್ಲಿ ಶೇ 50 ಇರಬೇಕು. ಅನುಭವ ಇರುವ ಟೀಚರ್‌ಗಳು ಇಂಥ ಶಾಲೆ ಬಿಟ್ಟು ಹೋಗುವುದೇ ಜಾಸ್ತಿ. ಅವರನ್ನು ಅಲ್ಲೇ ಉಳಿಸಿಕೊಳ್ಳಲು ಹೀಗೆ ನೇರವಾಗಿ ದುಡ್ಡು ಕೊಡುವುದು ಸರಿಯಾದ ದಾರಿ.

ಎರಡು ವಿಷಯ ಗಮನದಲ್ಲಿರಲಿ. ಸರ್ಟಿಫಿಕೇಟ್ ಬಂದ ಮೊದಲ ವರ್ಷ ಬೋನಸ್‌ನಲ್ಲಿ ಶೇ 40 ಕಡಿತ ಆಗುತ್ತದೆ. ಪೆನ್ಷನ್ ಲೆಕ್ಕಕ್ಕೆ ಈ ದುಡ್ಡು ಬರುವುದಿಲ್ಲ. ಇನ್ನು ಖರ್ಚಿನ ಮಾತು: ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ನಾಲ್ಕು ಭಾಗ, ಒಂದೊಂದಕ್ಕೂ 475 ಡಾಲರ್ ಫೀಸು. ಕಡಿತ ಆದ ಮೇಲೂ ಮೊದಲ ಬೋನಸ್ಸಿನಲ್ಲೇ ಆ ಖರ್ಚು ವಾಪಸ್ ಬರುತ್ತದೆ. ತರಗತಿಯ ವಿಡಿಯೊ ಕೂಡ ಕಳಿಸಬೇಕು, ಪೋಷಕರ ಒಪ್ಪಿಗೆ ಪತ್ರಗಳನ್ನು ಶಾಲೆ ಶುರುವಾದ ವಾರವೇ ತಗೊಳ್ಳಲು ಹೇಳಿ.